ಚೆಲುವ ಕೆಂಪಿಯನ್ನು ಟ್ಯೂನ್ ಮಾಡಿಸಿದ್ದು

ಮೈಸೂರು ರಸ್ತೆಯಲ್ಲಿ, ದಾರಿ ಕವಲೊಡೆಯೋ ಕಡೆ, ಒಂದು ಹ್ಯಾಂಡ್‌ಪೋಸ್ಟು. ಹ್ಯಾಂಡ್‌ಪೋಸ್ಟು ಅಂದಮೇಲೆ ಗ್ಯಾರೇಜು ಇರಲೇಬೇಕು. ಗ್ಯಾರೇಜು ಇದ್ದಮೇಲೆ ಪಕ್ಕದಲ್ಲಿ ಟೀ ಅಂಗಡಿ ಇರಲೇಬೇಕು. ಟೀ ಅಂಗಡಿ ಇದ್ದಮೇಲೆ ಚೆಲುವನ ಕತೆ ಹೇಳೋಕೆ ನನ್ನಂಥವನೊಬ್ಬ ಇರಲೇಬೇಕು. ಬೆಂಚು ಅಲ್ಲಾಡುತ್ತೆ, ಗಟ್ಟಿಯಾಗಿ ಕೂತ್ಕೊಂಡು ಕೇಳಿ.

ಚೆಲುವ ಅಂದರೆ ಚೆಲುವರಾಜು. ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ ಮಾತು ಮೀರುವವನಂತೂ ಅಲ್ಲವೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ! "ಹಾಲು ಉಕ್ಕುತ್ತಾ ನೋಡ್ತಿರು" ಅಂದರೆ ನೋಡ್ತಾ ಇರ್ತಿದ್ದ. ಹಾಲು ಉಕ್ಕೋದನ್ನೂ ನೋಡ್ತಿದ್ದ, ಒಲೆ ಆರೋದನ್ನೂ ನೋಡ್ತಿದ್ದ, ಬೆಕ್ಕು ಬಂದು ನೆಲ ನೆಕ್ಕೋದನ್ನೂ ನೋಡ್ತಿದ್ದ.

"ಯಾಕ್ಲಾ ಇಳಿಸ್ಲಿಲ್ಲ?"

"ನೋಡು ಅಂದೆ, ನೋಡ್ದೆ ಕಣವ್ವ!"

"ಅಯ್ಯೋ ನನ್ನ ಹಣೆಬರಹವೇ!" ಅಂತ ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಳ್ತಿದ್ದಳು. ಆ ಹಣೆಗೆ ಪಾಪ ಬಿಡುವೇ ಇರಲಿಲ್ಲ.

ಚಿಕ್ಕತಾಯಮ್ಮನ ಗಂಡ ಬದುಕಿದ್ದಾಗ ಕಾರು ರೇಸಿನ ಹುಚ್ಚ. ಬೇಸಿಗೆಯಲ್ಲಿ ಕೆರೆ ಬತ್ತಿತು ಅಂದರೆ ಸಾಕು, ಆ ಬಯಲಲ್ಲಿ ಧೂಳೆಬ್ಬಿಸಿಕೊಂಡು ಕಾರು ಓಡಿಸ್ತಿದ್ದ. ಕಾರಿನ ಹೆಸರು ಕೆಂಪಿ. ಬಣ್ಣ ಕೆಂಪು, ಸ್ವಭಾವವೂ ಕೆಂಪು. ಗಂಡ ಹೋದಮೇಲೆ ಕೆಂಪಿ ಶೆಡ್ಡು ಸೇರಿತು. ಚಿಕ್ಕತಾಯಮ್ಮ ಲಗೇಜ್ ಆಟೋದಲ್ಲಿ ಎಳನೀರಿನ ಲೋಡು ಹೊಡೆದು ಸಂಸಾರ ತೂಗಿಸಿದಳು. ಆದರೆ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕೆಂಪಿಯ ಬಾನೆಟ್ಟು ಒರೆಸಿ ಬರೋದು ಮಾತ್ರ ಬಿಡಲಿಲ್ಲ. ಗಂಡನ ನೆನಪಿಗೆ ಅವಳಿಗೆ ಉಳಿದಿದ್ದೇ ಅದೊಂದು.

ಗಂಡನ ಅಣ್ಣ ಮಾಯಿಗೌಡನಿಗೆ ಅದರ ಮೇಲೆ ಕಣ್ಣು.

"ಚಿಕ್ಕತಾಯಿ, ಆ ಗಾಡಿ ಸುಮ್ನೆ ತುಕ್ಕು ಹಿಡೀತಾ ಐತೆ. ನಂಗೆ ಕೊಟ್ಬುಡು, ಗುಜರಿಗೆ ಹಾಕ್ತೀನಿ. ಹೆಂಗಸ್ರಿಗೆ ಯಾತಕ್ಕೆ ರೇಸ್ ಗಾಡಿ?"

ಚಿಕ್ಕತಾಯಮ್ಮನಿಗೆ ಉರಿದುಹೋಯಿತು. "ಈ ಸಲದ ಕೆರೆ ರೇಸಲ್ಲಿ ನಾನೇ ಓಡಿಸ್ತೀನಿ ಭಾವ! ನೋಡ್ತಾ ಇರಿ!"

ಮಾಯಿಗೌಡ ಹೊಟ್ಟೆ ಕುಣಿಸಿ ನಕ್ಕ. "ಸರಿ ಹಂಗಾರೆ, ನಾಲ್ಕು ಜನದ ಮುಂದೆ ಮಾತು! ರೇಸಿನ ದಿನ ಹೊತ್ತು ಮುಳುಗೋದ್ರೊಳಗೆ ಕೆಂಪಿ ಓಟ ಮುಗಿಯೋ ಸುಣ್ಣದ ಗೆರೆ ದಾಟಿದ್ರೆ ಅದು ಯಾವತ್ತಿಗೂ ನಿಂದೇ. ದಾಟ್ಲಿಲ್ವೋ, ನಂದು! ಅವತ್ತೇ ನನ್ನ ಜೀಪಿಗೆ ಕಟ್ಟಿ ಎಳ್ಕೊಂಡು ಹೋಗ್ತೀನಿ!"

"ಆಗ್ಲಿ!" ಅಂದುಬಿಟ್ಟಳು ಚಿಕ್ಕತಾಯಮ್ಮ. ಅಂದಮೇಲೆ ನೆನಪಾಯಿತು. ಕೆಂಪಿ ಸ್ಟಾರ್ಟೇ ಆಗ್ತಿರಲಿಲ್ಲ!

ಮಾರನೆ ದಿನವೇ ಹ್ಯಾಂಡ್‌ಪೋಸ್ಟಿನ ಗ್ಯಾರೇಜಿಗೆ ಹೋದಳು. ಗ್ಯಾರೇಜು ಪುಟ್ಟಸ್ವಾಮಿಯದು. ಅವನು ತಲೆಯೂ ಎತ್ತಲಿಲ್ಲ. "ಮನೇಲಿ ಗಂಡಸ್ರಿದ್ರೆ ಕಳ್ಸಮ್ಮ. ಇಂಜಿನ್ ವಿಷ್ಯ ನಿಂಗೆ ತಿಳಿಯಾಕಿಲ್ಲ" ಅಂದ. ಪಕ್ಕದವನನ್ನು ಕೇಳಿದಳು, ಅವನೂ ಅದೇ ಅಂದ. ಎದುರಿನವನನ್ನು ಕೇಳಿದಳು, ಅವನೂ ಅದೇ ಅಂದ. ಗಂಡಸು ಬೇಕಂತೆ, ಗಂಡಸು! ಮನೆಯಲ್ಲಿ ಗಂಡಸು ಅಂತ ಇದ್ದವನು ಚೆಲುವ ಒಬ್ಬನೇ. ಅವನಿಗೆ ಕಾರು ಓಡಿಸೋಕೆ ಅವರಪ್ಪ ಕಲಿಸಿದ್ದ. ಕಳಿಸದೆ ಬೇರೆ ದಾರಿ ಇರಲಿಲ್ಲ.

ಹೇಗೋ ಮಾಡಿ ಕೆಂಪಿಯನ್ನು ನೂಕಿಸಿ ಸ್ಟಾರ್ಟ್ ಮಾಡಿಸಿದಳು. ಮಗನನ್ನು ಕೂರಿಸಿ ಬುದ್ಧಿ ಹೇಳಿದಳು.

"ನೋಡು ಮಗ, ಮೆಕ್ಯಾನಿಕ್ಕಿಗೆ ಎದುರು ಮಾತಾಡಿದ್ರೆ ಕೋಪ ಬತ್ತದೆ. ನಿನ್ನ ಬುದ್ಧಿ ಖರ್ಚು ಮಾಡಬ್ಯಾಡ. ಅವನು ಏನೇ ಅಂದ್ರೂ 'ಹೂಂ ಅಣ್ಣ' ಅನ್ನು, ಸಾಕು."

"ಹೂಂ ಕಣವ್ವ, ಹಂಗೇ ಮಾಡ್ತೀನಿ!"

ಹೋದ. ಪುಟ್ಟಸ್ವಾಮಿ ಕೆಂಪಿಯ ಸುತ್ತ ಒಂದು ಸುತ್ತು ಬಂದ.

"ಏನಪ್ಪ, ರೇಸಿಗಾ?"

"ಹೂಂ ಅಣ್ಣ."

"ಓಡಬೇಕು ಅಂದ್ರೆ ಭಾರ ಇಳೀಬೇಕು. ಹಿಂದಿನ ಸೀಟು ತೆಗೀಲಾ?"

"ಹೂಂ ಅಣ್ಣ."

"ಸ್ಟೆಪ್ನಿ?"

"ಹೂಂ ಅಣ್ಣ."

ಪುಟ್ಟಸ್ವಾಮಿಗೆ ತಮಾಷೆ ಅನ್ನಿಸಿತು. "ಬಾಗಿಲೂ ತೆಗೀಲೇನೋ ಹಂಗಾರೆ?"

"ಹೂಂ ಅಣ್ಣ."

"ಎಲ್ಲಾ ಬಾಗಿಲೂನಾ?"

"ಹೂಂ ಅಣ್ಣ."

"ಮುಂದಿನ ಗಾಜು?"

"ಹೂಂ ಅಣ್ಣ."

"ನಿಂಗೇನ್ ತಲೆ ಕೆಟ್ಟೈತೇನೋ?"

"ಹೂಂ ಅಣ್ಣ!"

ಪುಟ್ಟಸ್ವಾಮಿ ಏನು ಮಾಡ್ತಾನೆ ಪಾಪ, ಗಿರಾಕಿ ಹೇಳಿದ ಹಾಗೆ ಮಾಡಿದ. ಇಂಜಿನ್ನು ಸರಿಹೋಯಿತು, ಕಾರು ಹೋಯಿತು. ಬಾಗಿಲಿಲ್ಲ, ಗಾಜಿಲ್ಲ, ಡಿಕ್ಕಿಗೆ ಮುಚ್ಚಳವಿಲ್ಲ. ಚೆಲುವ ಹಲ್ಲು ಕಿರಿದುಕೊಂಡು ಬಂದ. ಹಲ್ಲಿಗೆಲ್ಲ ನೊಣ. ದಾರಿಯಲ್ಲಿ ಒಂದು ನಾಯಿ ಎಡಗಡೆಯಿಂದ ಹತ್ತಿ, ಅವನ ತೊಡೆ ತುಳಿದು, ಬಲಗಡೆಯಿಂದ ಇಳಿದು ಹೋಯಿತು.

"ಅವ್ವಾ, ಹೇಳ್ದಂಗೇ ಮಾಡ್ದೆ!"

"ಅಯ್ಯೋ ನನ್ನ ಹಣೆಬರಹವೇ! ಬಾಗಿಲೆಲ್ಲೋ?"

"ಪುಟ್ಟಸ್ವಾಮಣ್ಣನ ತಾವ."

"ಗಾಜೆಲ್ಲೋ?"

"ಅದೂ ಅಲ್ಲೇ."

"ಮುಂಡೇದೇ! ನಮ್ಮ ಗಾಡಿಯಿಂದ ಬಿಚ್ಚಿದ್ದು ನಮ್ದು ಕಣ್ಲಾ! ಏನು ಬಿಚ್ಚಿದ್ರೂ ಕೇಳಿ ಈಸ್ಕೊಂಡು ಬರಬೇಕು. ಹಳೇದು ಅಂತ ಒಂದು ಚೂರೂ ಅಲ್ಲಿ ಬಿಡಬಾರದು. ತಿಳೀತಾ?"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಚಿಕ್ಕತಾಯಮ್ಮ ತಾನೇ ಆಟೋ ತಗೊಂಡು ಹೋಗಿ ಬಾಗಿಲು, ಗಾಜು ಎಲ್ಲಾ ಹೇರಿಕೊಂಡು ಬಂದು ಹಾಕಿಸಿದಳು. ಆಮೇಲೆ ಟಯರಿನ ಸರದಿ. ಮಣ್ಣಲ್ಲಿ ಓಡಬೇಕು ಅಂದರೆ ಹಲ್ಲಿರೋ ಟಯರು ಬೇಕು. ಪಂಕ್ಚರ್ ಅಂಗಡಿ ಬಶೀರ್ ಕಾಕಾನ ಹತ್ತಿರ ಚೆಲುವನನ್ನು ಕಳಿಸಿದಳು.

ಕಾಕಾ ಕೇರಳದ ಕಡೆಯವನು, ಹುಡುಗರನ್ನೆಲ್ಲ ಮೋನೇ, ಅಂದರೆ ಮಗನೇ, ಅಂತ ಕರೆಯೋ ಒಳ್ಳೆಯ ಮನುಷ್ಯ. ಜಾಕು ಕೊಟ್ಟ, ಗಾಡಿ ಎತ್ತಿದ, ಹಳೆ ಟಯರಿನ ಗಾಳಿ ಬಿಡೋಕೆ ಕೈ ಹಾಕಿದ. ಚೆಲುವ ಹಾರಿಬಿದ್ದ.

"ನಿಲ್ಸಿ ಕಾಕಾ! ಗಾಳಿ ಎಲ್ಲಿಗೆ ಬಿಡ್ತಾ ಇದ್ದೀರಿ?"

"ಎಲ್ಲಿಗೆ ಅಂದ್ರೆ? ಹೊರಗೆ ಬಿಡೋದಪ್ಪ!"

"ಅದು ನಮ್ದು! ಹಳೇದು ಒಂದು ಚೂರೂ ಬಿಡಬಾರದು ಅಂತ ಅವ್ವ ಹೇಳವ್ಳೆ."

"ಗಾಳೀನ? ಗಾಳಿ ಊರ ತುಂಬ ಇದೆಯಲ್ಲೋ ಮೋನೇ!"

"ಊರ ತುಂಬ ಇರೋದು ಊರೋರ್ದು. ಇದು ನಮ್ಮಪ್ಪ ತುಂಬಿಸಿದ್ದು!"

ಕಾಕಾ ಮೇಲೆ ನೋಡಿದ, ಕೆಳಗೆ ನೋಡಿದ. ಅಪ್ಪ ತುಂಬಿಸಿದ್ದು ಅಂದಮೇಲೆ ಏನಂತ ಜಗಳ ಆಡೋದು? ಚೆಲುವ ಎಳನೀರಿನ ಗೋಣಿಚೀಲ ತಂದು ವಾಲ್ವಿಗೆ ಹಿಡಿದ. ಪುಸ್ಸ್! ಚೀಲದ ಬಾಯಿ ಬಿಗಿಯಾಗಿ ಕಟ್ಟಿದ. ಇನ್ನೊಂದು ಟಯರು, ಇನ್ನೊಂದು ಚೀಲ. ಪುಸ್ಸ್! ಕಟ್ಟಿದ. ಕಾಕಾ ಹೊಸ ಟಯರು ಹಾಕಿ ಗಾಳಿ ಪೈಪು ತಂದ.

"ಬ್ಯಾಡ ಬ್ಯಾಡ! ನಮ್ಮ ಗಾಳಿ ನಮ್ಮ ತಾವ ಐತಲ್ಲ, ಅವ್ವ ತುಂಬ್ತಾಳೆ!"

ಗಾಳಿಯಿಲ್ಲದ ಹೊಸ ಟಯರಲ್ಲಿ ಡಬಡಬ ಡಬಡಬ ಅಂತ ಮನೆಗೆ ಬಂದ. ಟಯರಿನ ಪಕ್ಕೆಗಳೆಲ್ಲ ಹರಿದು ಚಿಂದಿಯಾಗಿದ್ದವು. ಚೀಲಗಳನ್ನು ಮಾತ್ರ ಮಗುವನ್ನು ಇಳಿಸೋ ಹಾಗೆ ಮೆಲ್ಲಗೆ ಇಳಿಸಿದ.

"ಅವ್ವಾ, ಹೇಳ್ದಂಗೇ ಮಾಡ್ದೆ! ಎಲ್ಲಾ ಈಸ್ಕೊಂಡು ಬಂದೆ!"

ಚಿಕ್ಕತಾಯಮ್ಮ ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿದಳು. ಏನಿಲ್ಲ. ಕೈ ಹಾಕಿದಳು. ಏನಿಲ್ಲ. ತಲೆಕೆಳಗೆ ಮಾಡಿ ಕೊಡವಿದಳು. ಎಳನೀರು ಸಿಪ್ಪೆಯ ನಾರು ಬಿತ್ತು.

"ಇದ್ರಲ್ಲಿ ಏನೈತ್ಲಾ?"

"ಅಯ್ಯಯ್ಯೋ ಅವ್ವಾ! ಅಪ್ಪನ ಗಾಳಿ ಎಲ್ಲಾ ಬಿಟ್ಬುಟ್ಯಲ್ಲ!"

"ಅಯ್ಯೋ ನನ್ನ ಹಣೆಬರಹವೇ!" ಅಂದಳು. ಒಂದು ಗಳಿಗೆ ಅವಳಿಗೂ ಬಿಟ್ಟುಬಿಟ್ಟೆನೇನೋ ಅನ್ನಿಸಿತು ನೋಡಿ! ಆಮೇಲೆ ಟಯರು ಕಣ್ಣಿಗೆ ಬಿತ್ತು, ಪೊರಕೆ ಕೈಗೆ ಬಂತು. "ಹಳೇದು ಹಾಳಾಗೋಗ್ಲಿ ಕಣ್ಲಾ! ಹೊಸದು ಸರಿಯಾಗಿ ಹಾಕವ್ನಾ ಅಂತ ನೋಡಬೇಕಲ್ವಾ? ಮೆಕ್ಯಾನಿಕ್ಕಿನ ತಾವ ಹೋದಾಗ ಅವನ ಕೈ ಮೇಲೆ ಕಣ್ಣಿಡಬೇಕು! ಏನಾರ ಆಗ್ಲಿ, ಅವನ ಕೈ ಬಿಟ್ಟು ಬೇರೆ ಕಡೆ ನೋಡಬಾರದು!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಕಾಕಾ ಮರುಕಪಟ್ಟು ಬೇರೆ ಟಯರು ಹಾಕಿಕೊಟ್ಟ. ಇನ್ನು ಉಳಿದಿದ್ದು ಟ್ಯೂನಿಂಗು. ಅದೇ ದೊಡ್ಡ ಕೆಲಸ. ಟ್ಯೂನಿಂಗ್ ಅಂದರೆ ನಮ್ಮ ಕಡೆ ಅರುಳಪ್ಪ ಒಬ್ಬನೇ. ಕಾರ್ಬುರೇಟರಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಮತ್ತೆ ಕೂದಲೆಳೆಯಷ್ಟು ತಿರುಗಿಸೋ ಮನುಷ್ಯ. ಅವನು ಕೆಲಸ ಮಾಡೋವಾಗ ಪಕ್ಕದಲ್ಲಿ ಕೆಮ್ಮಿದರೂ ಸ್ಪ್ಯಾನರು ಎಸೀತಿದ್ದ.

ಚೆಲುವ ಹೋಗಿ ಅವನ ಕೈ ಮೇಲೆ ಕಣ್ಣಿಟ್ಟ. ಇಟ್ಟ ಅಂದರೆ ಇಟ್ಟ.

ಅರುಳಪ್ಪ ಬಾನೆಟ್ಟು ಎತ್ತಿ ಕಾರ್ಬುರೇಟರು ಬಿಚ್ಚಿಟ್ಟ. "ಇವತ್ತು ನಮ್ಮಕ್ಕನ ಮಗಳ ನಿಶ್ಚಿತಾರ್ಥ. ಗಾಡಿ ಬಿಟ್ಟೋಗು, ನಾಳೆ ಬಾ" ಅಂದ. ಚೆಲುವ ಅಲ್ಲಾಡಲಿಲ್ಲ. ಅರುಳಪ್ಪ ಕೈ ತೊಳೆದ, ಚೆಲುವ ನೋಡಿದ. ಅರುಳಪ್ಪ ಟೀ ಕುಡಿದ, ಚೆಲುವ ನೋಡಿದ. ಅರುಳಪ್ಪ ಬೈಕು ಹತ್ತಿದ, ಚೆಲುವ ಹಿಂದೆ ಹತ್ತಿದ.

"ಎಲ್ಲಿಗೋ ನೀನು?"

"ನಿಮ್ಮ ಕೈ ಎಲ್ಲಿಗೆ ಹೋಗ್ತದೋ ಅಲ್ಲಿಗೆ."

ಕ್ಷೌರದ ಅಂಗಡಿಗೆ ಹೋದ. ಅರುಳಪ್ಪನ ಕೈ ಬಟ್ಟೆಯೊಳಗಿತ್ತು, ಚೆಲುವ ಬಟ್ಟೆ ಎತ್ತಿ ನೋಡಿದ. ಮನೆಗೆ ಹೋದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ, ಚೆಲುವ ಬಾಗಿಲು ಬಡಿದ. "ಅಣ್ಣಾ! ಕೈ ಕಾಣ್ತಾ ಇಲ್ಲ! ಒಸಿ ಹೊರಗಿಡಿ!" ಅರುಳಪ್ಪ ಕಿಟಕಿಯಿಂದ ಒಂದು ಕೈ ಹೊರಗಿಟ್ಟುಕೊಂಡೇ ಸ್ನಾನ ಮುಗಿಸಿದ. ನಿಶ್ಚಿತಾರ್ಥದ ಊಟಕ್ಕೆ ಕೂತ. ಪಕ್ಕದಲ್ಲೇ ಚೆಲುವ. ಕೈ ಪಾಯಸಕ್ಕೆ ಹೋದರೆ ಕಣ್ಣು ಪಾಯಸಕ್ಕೆ, ಕೈ ಹಪ್ಪಳಕ್ಕೆ ಹೋದರೆ ಕಣ್ಣು ಹಪ್ಪಳಕ್ಕೆ. ಬೀಗರು "ಈ ಹುಡುಗ ಯಾರು?" ಅಂದರು. "ನನ್ನ ಕೈಗೆ ಗಂಟುಬಿದ್ದವ್ನೆ" ಅಂದ ಅರುಳಪ್ಪ. ಆ ಮನೆಯವರ ಫೋಟೋ ಆಲ್ಬಮ್ಮು ನೋಡಿ ಬೇಕಾದರೆ. ಅರುಳಪ್ಪ ಎಲ್ಲೆಲ್ಲಿ ಇದ್ದಾನೋ ಅಲ್ಲೆಲ್ಲ ಅವನ ಕೈ ಹತ್ತಿರ ಒಂದು ಮುಖ ಇದೆ.

ಸಾಯಂಕಾಲ ಚೆಲುವ ಹೊಟ್ಟೆ ತುಂಬ ಉಂಡು ಬಸ್ಸಲ್ಲಿ ಮನೆಗೆ ಬಂದ.

"ಅವ್ವಾ, ಹೇಳ್ದಂಗೇ ಮಾಡ್ದೆ! ಕಣ್ಣು ರೆಪ್ಪೆ ಬಡೀಲಿಲ್ಲ!"

"ಗಾಡಿ ಎಲ್ಲೋ?"

"ಗಾಡೀನ?" ಚೆಲುವ ಯೋಚನೆ ಮಾಡಿದ. "ಗಾಡಿ ನೋಡು ಅಂತ ನೀನು ಹೇಳ್ಲಿಲ್ವಲ್ಲವ್ವ!"

ಅಮ್ಮ ಮಗ ಓಡಿದರು. ಕೆಂಪಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಕಾರ್ಬುರೇಟರು ಇದ್ದ ಜಾಗದಲ್ಲಿ ಯಾರದೋ ಕೋಳಿ ಕಾವಿಗೆ ಕೂತಿತ್ತು.

"ಅಯ್ಯೋ ನನ್ನ ಹಣೆಬರಹವೇ! ಮನುಷ್ಯನ್ನಲ್ಲ ಕಣ್ಲಾ, ಗಾಡೀನ ನೋಡಬೇಕು! ನೋಡೋದೂ ಬ್ಯಾಡ, ಕಿವಿಯಿಟ್ಟು ಕೇಳು! ಟ್ಯೂನಿಂಗ್ ಆದ್ಮೇಲೆ ಗಾಡೀಲಿ ಕೂತ್ಕೊಂಡು ಕೇಳು. ಗೊರಗೊರ ಅನ್ಬಾರದು, ಕಟಕಟ ಅನ್ಬಾರದು, ಟಿಕ್ ಅಂತಲೂ ಅನ್ಬಾರದು. ಏನಾರ ಸದ್ದು ಬಂತೋ, ಅಲ್ಲೇ ನಿಲ್ಸಿ ಬಿಚ್ಚಿಸು. ಸದ್ದು ನಿಲ್ಲೋ ತಂಕ ಬಿಡಬ್ಯಾಡ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೆ ದಿನ ಅರುಳಪ್ಪ ಕೋಳಿ ಓಡಿಸಿ ಕೆಲಸಕ್ಕೆ ಕೂತ. ಚೆಲುವ ಸೀಟಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದ. ಮೊದಲು ಗೊರಗೊರ ಅಂತು. "ಅಣ್ಣ, ಗೊರಗೊರ!" ಅರುಳಪ್ಪ ಸ್ಕ್ರೂ ತಿರುಗಿಸಿದ. ಕಟಕಟ ಅಂತು. "ಅಣ್ಣ, ಕಟಕಟ!" ಇನ್ನೊಂದು ತಿರುಗಿಸಿದ. ಕೊನೆಗೆ ಕೆಂಪಿಯ ಇಂಜಿನ್ನು ಜೇನುಗೂಡಿನ ಹಾಗೆ ಗುಂಯ್ ಅಂತ ಒಂದೇ ಸಮ ಹಾಡಿತು. ಅರುಳಪ್ಪನ ಮುಖ ಅರಳಿತು. "ಹೋಗಪ್ಪ! ಈ ಗಾಡೀನ ಇನ್ನು ಯಾರೂ ಹಿಡಿಯಾಕಾಗಲ್ಲ" ಅಂದ.

ಚೆಲುವ ಹೊರಟ. ಗುಂಯ್. ಎಂಥಾ ಸುಖ! ಊರಿನ ತಿರುವು ಬಂತು. ಎಡಕ್ಕೆ ತಿರುಗಬೇಕು. ಅಪ್ಪ ಕಲಿಸಿದ ಹಾಗೆ ಇಂಡಿಕೇಟರು ಹಾಕಿದ.

ಟಿಕ್ ಟಿಕ್ ಟಿಕ್ ಟಿಕ್!

ಚೆಲುವ ಗಕ್ಕನೆ ಬ್ರೇಕು ಒತ್ತಿದ. ಗಾಡಿ ನಿಲ್ಲಿಸಿದ. ಟಿಕ್ ಟಿಕ್ ಟಿಕ್! ಎದುರಿಗೇ ಟ್ರ್ಯಾಕ್ಟರು ರಿಪೇರಿ ಮಾಡೋನೊಬ್ಬ ಕೂತಿದ್ದ. ಕಾರು ಕಂಡರೆ ಅವನಿಗೆ ಬಹಳ ಆಸೆ, ಆದರೆ ಯಾರೂ ಅವನಿಗೆ ಕಾರು ಕೊಡ್ತಿರಲಿಲ್ಲ.

"ಅಣ್ಣಾ! ಬೇಗ ಬನ್ನಿ! ಸದ್ದು ಬತ್ತಾ ಐತೆ! ಬಿಚ್ಚಿ!"

ಅವನು ಬಂದ, ಬಂದ ಏನು, ಹಾರಿಕೊಂಡು ಬಂದ! ಕೀ ಆಫ್ ಮಾಡಿ ಕಾರ್ಬುರೇಟರು ಬಿಚ್ಚಿದ. ಕೀ ತಿರುಗಿಸಿದರು. ಟಿಕ್ ಟಿಕ್!

"ಇನ್ನೂ ಬತ್ತಾ ಐತೆ! ಬಿಚ್ಚಿ!"

ಫ್ಯಾನು ಬಿಚ್ಚಿದ. ಟಿಕ್ ಟಿಕ್! ರೇಡಿಯೇಟರು ಬಿಚ್ಚಿದ. ಟಿಕ್ ಟಿಕ್!

"ಒಳಗೆಲ್ಲೋ ಅವಿತ್ಕೊಂಡೈತೆ! ಬಿಡಬ್ಯಾಡಿ ಅಣ್ಣ, ಬಿಚ್ಚಿ!"

ಹೆಡ್ಡು ಬಿಚ್ಚಿದ, ಪಿಸ್ಟನ್ನು ಎಳೆದ, ಇಂಜಿನ್ನೇ ಇಳಿಸಿ ಗೋಣಿತಾಟಿನ ಮೇಲೆ ಹರಡಿದ. ಇಂಜಿನ್ನು ನೆಲದ ಮೇಲಿದೆ, ಗಾಡಿ ಇನ್ನೂ ಟಿಕ್ ಟಿಕ್ ಅಂತಾನೇ ಇದೆ! ಟ್ರ್ಯಾಕ್ಟರ್ ಮೆಕ್ಯಾನಿಕ್ಕು ಬೆವರು ಒರೆಸಿಕೊಂಡು ಬ್ಯಾಟರಿ ವೈರು ಕಿತ್ತ. ಸದ್ದು ನಿಂತಿತು.

"ಸಿಕ್ಬುಡ್ತು ಕಳ್ಳ!" ಅಂತ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಟ್ರ್ಯಾಕ್ಟರು ಟ್ರೇಲರಿನ ಮೇಲೆ ಕೆಂಪಿ ಮನೆಗೆ ಬಂತು. ಇಂಜಿನ್ನು ಚೀಲಗಳಲ್ಲಿ ಬಂತು.

"ಅವ್ವಾ, ಹೇಳ್ದಂಗೇ ಮಾಡ್ದೆ! ಈಗ ಕೇಳು, ಒಂದು ಸದ್ದಾದ್ರೂ ಬತ್ತದಾ?"

ಚಿಕ್ಕತಾಯಮ್ಮನ ಬಾಯಿಂದಲೂ ಸದ್ದು ಬರಲಿಲ್ಲ. ಎಲ್ಲಾ ಕೇಳಿ ತಿಳಿದಮೇಲೆ ಅಂಗಳದಲ್ಲೇ ಕುಸಿದು ಕೂತಳು.

"ಅಯ್ಯೋ ನನ್ನ ಹಣೆಬರಹವೇ... ಅದು ಇಂಡಿಕೇಟರ್ ಸದ್ದು ಕಣೋ ಕಂದ! ಎಡಕ್ಕೆ ಹೋಗ್ತೀನಿ ಅಂತ ಹೇಳೋ ಸದ್ದು!"

"ಯಾರಿಗೆ ಹೇಳ್ತದವ್ವ?"

ಅವಳು ಅತ್ತಳು. ನಿಜವಾಗಿ ಅತ್ತಳು. ರೇಸು ಹತ್ತಿರ ಬಂದಿತ್ತು, ಗಂಡನ ಗಾಡಿ ಚೀಲದಲ್ಲಿತ್ತು. ಅತ್ತು ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಲಗಳನ್ನು ಆಟೋಗೆ ಹೇರಿ, ಕೆಂಪಿಯನ್ನು ಹಿಂದೆ ಕಟ್ಟಿ ಎಳೆದುಕೊಂಡು ತಾನೇ ಅರುಳಪ್ಪನ ಗ್ಯಾರೇಜಿಗೆ ಹೋದಳು.

ಅರುಳಪ್ಪ ಅಭ್ಯಾಸದಂತೆ ಅಂದ. "ಮನೇಲಿ ಗಂಡಸ್ರಿದ್ರೆ ಕಳ್ಸಮ್ಮ..."

"ಕಳಿಸಿದ್ದೆನಲ್ಲಪ್ಪ," ಅಂದಳು ಚಿಕ್ಕತಾಯಮ್ಮ. "ನೀನೇ ನೋಡ್ದಲ್ಲ!"

ಅರುಳಪ್ಪನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. "ಬ್ಯಾಡ ತಾಯಿ, ನೀವೇ ಬನ್ನಿ, ಒಳಗೆ ಬನ್ನಿ!" ಅಂದ. ಅವಳು ಒಂದೊಂದೇ ಎತ್ತಿಕೊಟ್ಟಳು, ಅವನು ಒಂದೊಂದೇ ಕೂರಿಸಿದ. ರೇಸಿನ ಹಿಂದಿನ ದಿನ ಸಂಜೆಗೆ ಕೆಂಪಿ ಮತ್ತೆ ಗುಂಯ್ ಅಂತು. ಚಿಕ್ಕತಾಯಮ್ಮ ಬಾನೆಟ್ಟಿಗೆ ಕೆನ್ನೆ ಇಟ್ಟು ಕೇಳಿದಳು. ಗಂಡ ಇದ್ದಾಗ ಹಿಂಗೇ ಅಂತಿತ್ತು.

ರೇಸಿನ ದಿನ ಬೆಳಿಗ್ಗೆ ಅವಳಿಗೆ ಒಂದು ಲೋಡು ಎಳನೀರು ಇಳಿಸೋದಿತ್ತು. ಮಗನನ್ನು ಕರೆದಳು. ಈ ಸಲ ಯಾವ ಸಂದೂ ಬಿಡಬಾರದು ಅಂತ ಹಲ್ಲು ಕಚ್ಚಿ ಹೇಳಿದಳು.

"ಗಾಡಿ ತಗೊಂಡೋಗಿ ಕೆರೆ ಬಯಲಲ್ಲಿ, ಓಟ ಶುರುವಾಗೋ ತಾವ ನಿಲ್ಸು. ನಿಲ್ಸಿದ ಮೇಲೆ ಯಾರೂ ಕೈ ಹಾಕಬಾರದು! ಮೆಕ್ಯಾನಿಕ್ಕು ಬರ್ಲಿ, ನಿಮ್ಮ ದೊಡ್ಡಪ್ಪ ಬರ್ಲಿ, ಸಾಕ್ಷಾತ್ ದೇವ್ರೇ ಬರ್ಲಿ, ಮುಟ್ಟಕ್ಕೆ ಬಿಡಬ್ಯಾಡ! ಅಷ್ಟ್ಯಾಕೆ, ನಾನೇ ಬಂದ್ರೂ ಬಿಡಬ್ಯಾಡ!"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ನಗ್ತೀರಾ? ನಗಿ. ಅವಳಿಗೂ ಹೇಳಿದ ಮರುಗಳಿಗೆಯೇ ಏನೋ ತಪ್ಪಾಯಿತು ಅನ್ನಿಸಿತಂತೆ. ಅಷ್ಟರಲ್ಲಿ ಎಳನೀರಿನವರು ಫೋನು ಮಾಡಿದರು.

ಕೆರೆ ಬಯಲಲ್ಲಿ ಜನವೋ ಜನ. ಈ ತುದಿಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಆ ತುದಿಯಲ್ಲಿ, ಕೆರೆ ಏರಿಯ ಬುಡದಲ್ಲಿ, ಗಾಡಿಗಳೆಲ್ಲ ಒಳಗೆ ಬಂದಮೇಲೆ ಅಗಲವಾಗಿ ಎಳೆದ ಸುಣ್ಣದ ಗೆರೆ. ಗೆರೆಯ ಆಚೆ ಏರಿ ಹತ್ತಿ ರಸ್ತೆಗೆ ಹೋಗೋ ದಾರಿ, ಗಾಡಿಗಳು ಹೊರಗೆ ಹೋಗೋಕೆ ಅದೊಂದೇ. ಚೆಲುವ ಕೆಂಪಿಯನ್ನು ನಿಲ್ಲಿಸಿ, ಗೇರು ತೆಗೆದು, ಬೀಗ ಹಾಕಿ, ಕೀಯನ್ನು ಒಳಚಡ್ಡಿಗೆ ಸೇರಿಸಿ, ಬಾನೆಟ್ಟಿನ ಮೇಲೆ ಹತ್ತಿ ಕೂತ. ತನ್ನ ಎರಡು ಕೈಯನ್ನೂ ಮೇಲೆತ್ತಿಕೊಂಡಿದ್ದ. ಯಾರೂ ಅಂದಮೇಲೆ ತಾನೂ ಅಲ್ಲವೇ?

ಚಿಕ್ಕತಾಯಮ್ಮ ಓಡಿ ಬಂದಳು. ತಲೆಗೆ ಹೆಲ್ಮೆಟ್ಟು, ಸೀರೆ ಕಚ್ಚೆ. ಜನ ಸಿಳ್ಳೆ ಹೊಡೆದರು.

"ಇಳೀಲಾ ಮಗ, ಹೊತ್ತಾಯ್ತು!"

"ಕೈ ಹಾಕಬ್ಯಾಡ!"

"ನಾನು ಕಣ್ಲಾ, ನಿಮ್ಮವ್ವ!"

"ಗೊತ್ತು ಕಣವ್ವ. ನಾನೇ ಬಂದ್ರೂ ಬಿಡಬ್ಯಾಡ ಅಂದಿದ್ದೆ. ನೀನೇ ಬಂದಿದ್ದೀಯ. ಬಿಡಾಕಿಲ್ಲ!"

ಬೈದಳು. ಬಿಡಲಿಲ್ಲ. ಬೇಡಿಕೊಂಡಳು. ಬಿಡಲಿಲ್ಲ. ಹತ್ತಿರ ಹೋದರೆ ಕಾಲಲ್ಲಿ ಒದೆಯೋ ಹಾಗೆ ಮಾಡಿದ. ಬಾವುಟ ಇಳಿಯಿತು. ಬುರ್ರ್ ಅಂತ ಕಾರುಗಳೆಲ್ಲ ಹೋದವು. ಧೂಳು ಎದ್ದಿತು, ಧೂಳು ಕೂತಿತು. ಕೆಂಪಿ ಇದ್ದಲ್ಲೇ ಇತ್ತು. ಓಟ ಮುಗಿಯಿತು, ಬಹುಮಾನ ಕೊಟ್ಟಾಯಿತು. ಕೆಂಪಿ ಇದ್ದಲ್ಲೇ ಇತ್ತು. ಚಿಕ್ಕತಾಯಮ್ಮ ಹೆಲ್ಮೆಟ್ಟಿನೊಳಗೇ ಬಿಕ್ಕಳಿಸಿದಳು.

ಮಾಯಿಗೌಡ ಜೀಪು ತಂದ. ಹೊತ್ತು ಇನ್ನೂ ಏರಿಯ ಮೇಲಿತ್ತು. "ಮುಳುಗೋ ತಂಕ ಕಾಯೋದ್ಯಾಕೆ? ಈ ಗಾಡಿ ಎಲ್ಲಿ ಓಡ್ತದೆ!" ಅಂದ. ಬಾಗಿಲ ಹತ್ತಿರ ಕೈ ತಂದ.

"ದೊಡ್ಡಪ್ಪ, ಕೈ ಹಾಕಬ್ಯಾಡಿ!"

ಒದೆ ಬಿತ್ತು. ಮಾಯಿಗೌಡ ಇನ್ನೊಂದು ಕಡೆಯಿಂದ ಬಂದ. ಅಲ್ಲೂ ಒದೆ ಬಿತ್ತು. ಜನ ನಕ್ಕರು. ಮಾಯಿಗೌಡನಿಗೆ ಅವಮಾನವಾಯಿತು, ಸಿಟ್ಟು ನೆತ್ತಿಗೇರಿತು. "ಮುಟ್ಟಲ್ಲ ಕಣೋ, ಮುಟ್ಟದೇನೇ ಒಯ್ತೀನಿ!" ಅಂತ ಹಗ್ಗಕ್ಕೆ ಕುಣಿಕೆ ಮಾಡಿ ದೂರದಿಂದ ಕೆಂಪಿಯ ಬಂಪರಿಗೆ ಎಸೆದ. ಚೆಲುವ ಬಗ್ಗಿ ನೋಡಿದ. ಕೈ ಯಾವುದೂ ಇರಲಿಲ್ಲ. ಸುಮ್ಮನಾದ.

ಜೀಪು ಎಳೆಯಿತು. ಕೆಂಪಿ ಹೊರಟಿತು. ಬಾನೆಟ್ಟಿನ ಮೇಲೆ ಚೆಲುವ ಕೈಯೆತ್ತಿಕೊಂಡು ಕೂತಿದ್ದ. ಹಿಂದೆ ಚಿಕ್ಕತಾಯಮ್ಮ "ಭಾವ, ಬ್ಯಾಡಿ ಭಾವ" ಅಂತ ಅಳ್ತಾ ಓಡಿದಳು. ಜೀಪು ಬಯಲು ದಾಟಿತು, ಏರಿಯ ಬುಡಕ್ಕೆ ಬಂತು, ಸುಣ್ಣದ ಗೆರೆ ದಾಟಿತು. ಅದರ ಹಿಂದೆ ಕೆಂಪಿ ಬಂತು.

ಕೆಂಪಿಯೂ ಗೆರೆ ದಾಟಿತು!

ಜನ ಗೆರೆ ನೋಡಿದರು, ಹೊತ್ತು ನೋಡಿದರು. ಆಮೇಲೆ ಇಡೀ ಕೆರೆ ಹೋ ಅಂತು. "ದಾಟ್ಬುಡ್ತು! ಗೆರೆ ದಾಟ್ಬುಡ್ತು! ಹೊತ್ತು ಇನ್ನೂ ಮುಳುಗಿಲ್ಲ!"

ಮಾಯಿಗೌಡ ಜೀಪಿಂದ ಹಾರಿದ. "ಅದೆಂಗಾಯ್ತದೆ? ಎಳೆದೋನು ನಾನು!"

ಬಾವುಟ ಹಿಡಿದಿದ್ದ ರೇಸಿನ ಯಜಮಾನರು ಗಡ್ಡ ಕೆರೆದುಕೊಂಡರು. "ಗೌಡ್ರೇ, ದಾಟಿದ್ರೆ ಅವಳ್ದು ಅಂದಿದ್ರಿ. ಯಾರು ದಾಟಿಸಬೇಕು ಅಂತ ನೀವು ಹೇಳೇ ಇರ್ಲಿಲ್ಲವಲ್ಲ!"

ಮಾಯಿಗೌಡ ಹಗ್ಗ ಬಿಚ್ಚೋಕೆ ಬಂದ. ಒದೆ ಬಿತ್ತು. ಹಗ್ಗ ಅಲ್ಲೇ ಬಿಟ್ಟು ಜೀಪು ಹತ್ತಿ ಹೋದವನು ತಿರುಗಿ ನೋಡಲಿಲ್ಲ.

ಚಿಕ್ಕತಾಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. "ನನ್ನ ಬಂಗಾರ! ನನ್ನ ಕಂದ! ಗಾಡಿ ಉಳಿಸ್ಕೊಟ್ಯಲ್ಲೋ! ಬಾ, ಮನೆಗೋಗವ, ಒಬ್ಬಟ್ಟು ಮಾಡ್ತೀನಿ. ಇಳಿ, ಕೀ ಕೊಡು."

"ಕೈ ಹಾಕಬ್ಯಾಡ!"

"ಮುಗೀತು ಕಣ್ಲಾ!"

"ಮುಗಿದ್ಮೇಲೆ ಹಾಕಬೌದು ಅಂತ ಹೇಳಿರ್ಲಿಲ್ಲ."

ಜನ ಒಬ್ಬೊಬ್ಬರೇ ಮನೆಗೆ ಹೋದರು. ಹೊತ್ತು ಏರಿಯ ಹಿಂದೆ ಇಳೀತಾ ಬಂತು. ಚಿಕ್ಕತಾಯಮ್ಮ ಹೇಳಿದಳು, ಕೇಳಿದಳು, ಕೈ ಮುಗಿದಳು. ಕೊನೆಗೆ ತಲೆ ಚಿಟ್ಟುಹಿಡಿದು ಹೆಲ್ಮೆಟ್ಟು ನೆಲಕ್ಕೆ ಕುಕ್ಕಿ ಕೂಗಿದಳು.

"ನಿಮ್ಮಪ್ಪನಾಣೆ! ಹುಟ್ಟಿದಾಗಿಂದ ಇವತ್ತಿನ ತಂಕ ನಾನು ನಿಂಗೆ ಏನೇನು ಹೇಳಿದ್ದೀನೋ ಎಲ್ಲಾನೂ ಮರೆತ್ಬುಡ್ಲಾ!"

ಚೆಲುವ ಕಣ್ಣು ಮುಚ್ಚಿದ. ಹುಬ್ಬು ಗಂಟಿಕ್ಕಿದ. ಬಹಳ ಕಷ್ಟಪಟ್ಟ ಪಾಪ, ಬೆವರಿದ. ಆಮೇಲೆ ಮುಖ ತಿಳಿಯಾಯಿತು. ಕೈ ಇಳಿಸಿದ, ಬಾನೆಟ್ಟಿನಿಂದ ಇಳಿದ, ಕೀ ತೆಗೆದು ಅವಳ ಕೈಗಿಟ್ಟ, ಬಾಗಿಲನ್ನೂ ತೆರೆದು ನಿಂತ.

ಚಿಕ್ಕತಾಯಮ್ಮ ಒಳಗೆ ಕೂತು ಕೀ ತಿರುಗಿಸಿದಳು. ಗುಂಯ್! ಅವಳ ಜೀವ ತಂಪಾಯಿತು.

"ಹತ್ಲಾ ಮಗ, ಹೋಗವ."

ಚೆಲುವ ಹತ್ತಲಿಲ್ಲ. ಎರಡು ಕೈ ಜೋಡಿಸಿ ಮರ್ಯಾದೆಯಿಂದ ಕೇಳಿದ. "ತಾವು ಯಾರು ತಾಯಿ?"

"ಏನ್ಲಾ ಹಂಗಂದ್ರೆ? ನಾನು ನಿನ್ನ ಹೆತ್ತವ್ವ ಕಣ್ಲಾ!"

"ಹೌದಾ? ಹಂಗಂತ ನಂಗೆ ಮೊದ್ಲು ಹೇಳಿದ್ದು ಯಾರು?"

"ನಾನೇ ಕಣೋ!"

"ಹಂಗಾರೆ," ಅಂದ ಚೆಲುವ, "ಅದ್ನೂ ಮರೆತ್ಬುಟ್ಟೆ."